ಕೋಟೆ ಬಾಗಿಲ ಮೂಕ ನೀರು

ನಮ್ಮೂರು ಚಂದ ಎಂದು ಹೊಗಳುವವರೆಲ್ಲ ಸಂಜೆಯೊಳಗೆ ಬೆಟ್ಟ ಇಳಿದು ಹೋಗುವವರು. ಇಲ್ಲೇ ಉಳಿದುಕೊಂಡು ಹೊಗಳಿದವರೆಂದರೆ ನಾನು ಕಂಡಂತೆ ನನ್ನ ಮಾವ ಒಬ್ಬರೇ. ಅವರಿಗೂ ನೀರು ಹೊರುವ ಕೆಲಸ ಇರಲಿಲ್ಲ.

ಹನೂರಿನಿಂದ ಕಾಡಿನ ಕಡೆಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ಒಂದು ಬೋಳು ಬೆಟ್ಟ ಕಾಣುತ್ತದೆ. ಅದರ ಹೆಗಲ ಮೇಲೆ ಊರು. ಸುತ್ತ ಅರ್ಧ ಬಿದ್ದ ಕಲ್ಲಿನ ಗೋಡೆ, ಊರಿನ ತಲೆಯಲ್ಲಿ ಹಳೆಯ ಕೋಟೆಯ ಬಾಗಿಲು, ಬಾಗಿಲ ಪಕ್ಕದಲ್ಲಿ ಪಾಚಿ ಕಟ್ಟಿದ ಒಂದು ಕೊಳ. ಬಾಗಿಲಿನಿಂದ ಕೆಳಕ್ಕೆ ಒಂದೇ ಬೀದಿ, ಚಪ್ಪಡಿ ಹಾಸಿದ್ದು. ಬೀದಿ ಮುಗಿದಲ್ಲಿ ಬೆಟ್ಟ ಇಳಿಯುವ ದಾರಿ, ದಾರಿಯ ಎರಡೂ ಕಡೆ ಈಚಲ ಬನ. ಹೆಂಡ ಇಳಿಸಬಾರದು ಎಂದು ಕಾನೂನು ಇದ್ದಾಗ ಆ ಬನದಲ್ಲಿ ಕದ್ದು ಇಳಿಸುತ್ತಿದ್ದರು. ಕಾನೂನು ಹೋದ ಮೇಲೆ ಎದುರಿಗೇ ಇಳಿಸಿ ಗಾಡಿಯಲ್ಲಿ ಹೇರಿ ಹನೂರಿಗೆ, ಕೊಳ್ಳೇಗಾಲಕ್ಕೆ ಸಾಗಿಸತೊಡಗಿದರು. ಗಾಳಿ ಮೇಲಕ್ಕೆ ಬೀಸಿದ ದಿನ ಊರೆಲ್ಲ ಹುಳಿ ವಾಸನೆ. ಬಂದವರಿಗೆ ಅದೂ ಚಂದವೇ. ಮೂಗು ಎತ್ತಿ ಎಳೆದುಕೊಳ್ಳುತ್ತಿದ್ದರು.

ನಾವು ಲಿಂಗ ಕಟ್ಟುವ ಜನ. ಹೆಂಡ ಮುಟ್ಟುವುದಿಲ್ಲ. ಮರಗಳು ಮಾತ್ರ ನಮ್ಮ ಜಮೀನಿನಲ್ಲಿದ್ದವು. ಮರ ಹತ್ತುವವರು ನಮ್ಮ ಜಗಲಿಯ ಮೇಲೆ ಕೂರುವಂತಿರಲಿಲ್ಲ. ಆದರೆ ಮಾವನವರ ಅತಿಥಿಗಳಿಗೆಂದು ಬೆಳಗಿನ ಮೊದಲ ಮಡಕೆಯ ಹೆಂಡ ಹಿತ್ತಲ ಬಾಗಿಲಿಂದ ಬಂದು ಹಿತ್ತಾಳೆ ಚೊಂಬಿಗೆ ಬೀಳುತ್ತಿತ್ತು. ಮಾವ ಅದನ್ನು ಈಚಲ ಎಳನೀರು ಎನ್ನುತ್ತಿದ್ದರು.

ಕೊಳ್ಳೇಗಾಲ ಮದ್ರಾಸಿನಿಂದ ಮೈಸೂರಿಗೆ ಸೇರಿದ ಮಾರನೇ ವರ್ಷ ನಾನು ಈ ಊರಿಗೆ ಸೊಸೆಯಾಗಿ ಬಂದೆ. ನನ್ನ ತವರು ಯಳಂದೂರಿನ ಹತ್ತಿರ. ಅಲ್ಲಿ ಎಂಟನೇ ತರಗತಿಯವರೆಗೆ ಓದಿದ್ದೆ. ಓದಿದ ಸೊಸೆ ಎಂದು ಮಾವನಿಗೆ ಸಂತೋಷ, ಯಾಕೆಂದರೆ ತಮ್ಮ ಚರಿತ್ರೆ ಕೇಳಲು ಮನೆಯಲ್ಲೇ ಒಬ್ಬಳು ಸಿಕ್ಕಳು. ಆ ಚರಿತ್ರೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ಯಾವ ಮಾತಿಗೆ ಕೈಯ ಕೋಲು ಎತ್ತಿ ತೋರಿಸುತ್ತಾರೆ, ಯಾವ ಮಾತಿಗೆ ಧ್ವನಿ ಇಳಿಸುತ್ತಾರೆ ಎಂಬುದು ನನಗೆ ಬಾಯಿಪಾಠ. ಕೋಟೆ ಕಟ್ಟಿಸಿದವನು ಒಬ್ಬ ಪಾಳೆಯಗಾರ. ಹಿಂದೆ ಕೊಯಮತ್ತೂರಿನ ಕಡೆಯಿಂದ ಸಾಹೇಬರು ಬರುತ್ತಿದ್ದಾಗ ಮಾವ ಇದನ್ನು ತಮಿಳಿನಲ್ಲಿ ಹೇಳುತ್ತಿದ್ದರಂತೆ. ಆಗ ಪಾಳೆಯಗಾರ ಮಧುರೆಯ ಕಡೆಯಿಂದ ಬಂದವನಾಗಿದ್ದ. ರಾಜ್ಯ ಬದಲಾದ ಮೇಲೆ ಮೈಸೂರಿನ ಕಡೆಯಿಂದ ಜನ ಬರಲು ಶುರುವಾಯಿತು, ಪಾಳೆಯಗಾರನೂ ಮೈಸೂರಿನ ಕಡೆಯವನಾದ. ಗೋಡೆ ಅದೇ, ಕೋಲು ಅದೇ.

ಬಂದವರೂ ಅಂಥವರೇ. ಒಬ್ಬರು ನಮ್ಮ ಮನೆಯ ಗಿಡ್ಡ ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, ಹಿಂದಿನವರು ಮನುಷ್ಯನಿಗೆ ವಿನಯ ಕಲಿಸಲೆಂದೇ ಹೀಗೆ ಕಟ್ಟಿದ್ದಾರೆ ಎಂದರು. ಆ ಬಾಗಿಲಿಗೆ ಹಣೆ ಬಡಿದುಕೊಂಡು ನನ್ನ ಹುಬ್ಬಿನ ಮೇಲೆ ಆಗಿರುವ ಗಾಯದ ಕಲೆ ಈಗಲೂ ಇದೆ. ಇನ್ನೊಬ್ಬರು ಬಿಂದಿಗೆ ಹೊತ್ತು ಬೆಟ್ಟ ಹತ್ತುತ್ತಿದ್ದ ಹೆಂಗಸರನ್ನು ನೋಡಿ, ಸಾಲು ಎಷ್ಟು ಲಯಬದ್ಧವಾಗಿದೆ ಎಂದರು. ಬೇಸಿಗೆಯಲ್ಲಿ ಕೊಳದ ನೀರು ಕುಡಿಯಲು ಬಾರದು. ಕೆಳಗಿನ ಬಾವಿಗೆ ದಿನಕ್ಕೆ ನಾಲ್ಕು ಸಲ ಇಳಿದು ಹತ್ತಬೇಕು. ಉಸಿರು ಉಳಿಸಿಕೊಳ್ಳಲು ಎಲ್ಲರೂ ಒಂದೇ ಹೆಜ್ಜೆ ಹಾಕುತ್ತಿದ್ದೆವು, ಅಷ್ಟೇ.

ಇನ್ನು ಆ ಕಲ್ಲು. ಕೋಟೆ ಬಾಗಿಲಿನ ಒಳಗೋಡೆಯಲ್ಲಿ ಎದೆಯೆತ್ತರದಲ್ಲಿ ಒಂದು ಚಪ್ಪಡಿ ಇದೆ. ಅದರ ಮೇಲೆ ಏಳು ಸುತ್ತಿನ ಕೋಟೆಯ ಚಿತ್ರ ಕೊರೆದಿದೆ. ಒಂದರೊಳಗೊಂದು ಸುತ್ತಿಕೊಂಡ ಗೆರೆಗಳು, ನಡುವೆ ಒಂದು ಗುಳಿ. ಹೊರಗಿನಿಂದ ಒಳಕ್ಕೆ ಒಂದೇ ದಾರಿ. ನಮ್ಮೂರಿನಲ್ಲಿ ಹೆರಿಗೆ ಕಷ್ಟವಾದರೆ ಈ ಕಲ್ಲಿನ ಮೇಲೆ ಕೊಳದ ನೀರು ಹೊಯ್ದು, ಗೆರೆಗಳಲ್ಲಿ ಹರಿದು ಕೆಳಗೆ ಸೋರುವ ನೀರನ್ನು ಬಿಂದಿಗೆಯಲ್ಲಿ ಹಿಡಿದು, ಹೆರುವವಳಿಗೆ ಕುಡಿಸುತ್ತಾರೆ. ಕೋಟೆಯ ದಾರಿ ಬಲ್ಲ ನೀರು, ಕೂಸಿಗೆ ಹೊರಗೆ ಬರುವ ದಾರಿ ತೋರಿಸುತ್ತದಂತೆ. ನೀರು ತರುವವಳು ಬದುಕಿರುವ ಮಗುವಿನ ತಾಯಿಯಾಗಿರಬೇಕು. ಒಂದು ಹೆರಿಗೆಗೆ ಒಂದೇ ಸಲ ತರಬೇಕು. ಬಿಂದಿಗೆಯನ್ನು ಎಲ್ಲೂ ಇಳಿಸಬಾರದು. ಮುಖ್ಯವಾಗಿ, ಕಲ್ಲಿನಿಂದ ಮನೆಯವರೆಗೆ ಒಂದು ಮಾತೂ ಆಡಬಾರದು. ಆಡಿದರೆ ಕೋಟೆಯ ದಾರಿ ಮುಚ್ಚಿಹೋಗುತ್ತದೆ. ಅದಕ್ಕೇ ಅದರ ಹೆಸರು ಮೂಕ ನೀರು.

ನನ್ನ ಮಗ ಹುಟ್ಟಿದ ಮೇಲೆ ನಾನೂ ಎರಡು ಸಲ ಬೇರೆಯವರಿಗಾಗಿ ಈ ನೀರು ತಂದಿದ್ದೆ. ಇಬ್ಬರೂ ಹೆತ್ತರು. ನೀರು ಕುಡಿಯದಿದ್ದರೂ ಹೆರುತ್ತಿದ್ದರು ಎಂದು ನನಗೆ ಗೊತ್ತಿತ್ತು. ಮೂಕ ನೀರು ಕುಡಿದೂ ಸತ್ತವರು ಊರಿನಲ್ಲಿದ್ದರು, ಆದರೆ ಅದಕ್ಕೆ ಕಲ್ಲು ಹೊಣೆಯಾಗುತ್ತಿರಲಿಲ್ಲ, ನೀರು ಹೊತ್ತವಳು ಹೊಣೆಯಾಗುತ್ತಿದ್ದಳು. ಕೆಳಮನೆಯ ಒಬ್ಬಳು ತನ್ನ ಓರಗಿತ್ತಿಗೆ ನೀರು ತರುವಾಗ ಎದುರು ಓಡಿ ಬಂದ ಮಗನಿಗೆ ‘ಸರಿ ಅತ್ಲಾಗೆ’ ಎಂದಳಂತೆ. ಓರಗಿತ್ತಿ ಸತ್ತಳು. ಆಮೇಲೆ ಆ ಹೆಂಗಸನ್ನು ಯಾರೂ ಮದುವೆಮನೆಗೆ ಕರೆಯಲಿಲ್ಲ, ಅವಳು ಮುಟ್ಟಿದ ತೊಟ್ಟಿಲಲ್ಲಿ ಮಗು ಮಲಗಿಸಲಿಲ್ಲ. ನಾನು ಮದುವೆಯಾಗಿ ಬಂದಾಗ ಅವಳು ಇನ್ನೂ ಗಟ್ಟಿಯಾಗಿದ್ದಳು. ಬಾವಿಗೆ ಎಲ್ಲರೂ ಹೋಗಿ ಬಂದ ಮೇಲೆ ಒಬ್ಬಳೇ ಹೋಗುತ್ತಿದ್ದಳು.

ಇದನ್ನೆಲ್ಲ ನಾನು ಒಳಗೊಳಗೇ ನಕ್ಕು ಬಿಟ್ಟಿದ್ದೆ. ಎಂಟನೇ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಇಂಥದ್ದಕ್ಕೆ ಜಾಗ ಇರಲಿಲ್ಲ.

ಈಗ ನನ್ನ ತಂಗಿಯ ವಿಷಯ. ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳು ಹುಟ್ಟಿದ ಮೂರನೇ ವರ್ಷಕ್ಕೆ ಅವ್ವ ತೀರಿಕೊಂಡಳು. ನಾನೇ ಅವಳ ತಲೆ ಬಾಚಿ, ಊಟ ಮಾಡಿಸಿ ಬೆಳೆಸಿದೆ. ಅಪ್ಪನೂ ಹೋದ ಮೇಲೆ ಅವಳನ್ನು ನನ್ನ ಮೈದುನನಿಗೆ ತಂದುಕೊಳ್ಳೋಣ ಎಂದು ಮಾತು ತೆಗೆದವಳು ನಾನು. ಒಳ್ಳೆಯ ಮನೆ ಎಂದೋ, ಒಳ್ಳೆಯ ಊರು ಎಂದೋ ತಂದದ್ದಲ್ಲ. ನನ್ನ ಕಣ್ಣೆದುರು ಇರಲಿ ಎಂದು ತಂದೆ. ಅವಳು ಜೋರಾಗಿ ನಗುವ ಹುಡುಗಿ. ಮಾವ ಚರಿತ್ರೆ ಹೇಳುವಾಗ ನನ್ನ ಪಕ್ಕದಲ್ಲಿ ಕೂತು, ಕೋಲು ಎತ್ತುವ ಹೊತ್ತಿಗೆ ಸರಿಯಾಗಿ ನನ್ನ ತೊಡೆ ಚಿವುಟುತ್ತಿದ್ದಳು.

‘ಅಕ್ಕ, ಪಾಳೇಗಾರನ್ಗೆ ಏಳ್ ಜನ ಎಂಡ್ತೀರು ಅಂತಾರಲ್ಲ, ಆ ಏಳ್ ಜನಕ್ಕೂ ನೀರ್ ಯಾರ್ ಒತ್ತಿದ್ರು ಕಣೆ?’ ಎಂದು ಒಂದು ಸಲ ಕೇಳಿದ್ದಳು.

ಮೊದಲ ಹೆರಿಗೆಗೆ ತವರಿಗೆ ಕಳಿಸುವುದು ವಾಡಿಕೆ. ಅವಳಿಗೆ ತವರು ಎಲ್ಲಿತ್ತು? ನಾನೇ ಅವಳ ತವರು. ಹಾಗಾಗಿ ಅದೇ ಮನೆಯಲ್ಲಿ, ನಡುಮನೆಯ ಪಕ್ಕದ ಕೋಣೆಯಲ್ಲಿ, ನಾನು ಹಾಸಿಗೆ ಹಾಸಿದೆ.

ಬೆಳಗ್ಗೆ ನೋವು ಶುರುವಾಯಿತು. ನನ್ನ ಗಂಡ ರೇಷ್ಮೆ ಗೂಡಿನ ವ್ಯಾಪಾರಕ್ಕೆ ಕೊಳ್ಳೇಗಾಲಕ್ಕೆ ಹೋಗಿದ್ದರು, ನಮ್ಮ ಗಾಡಿಯೂ ಅವರ ಜೊತೆಗೇ ಹೋಗಿತ್ತು. ಮೈದುನ ಅಂಗಳದಲ್ಲಿ ಸುಮ್ಮನೆ ಅತ್ತಿಂದಿತ್ತ ನಡೆಯುತ್ತಿದ್ದ. ಸೂಲಗಿತ್ತಿ ಬಂದಳು, ಬಹಳ ವಯಸ್ಸಾದವಳು, ಊರಿನ ಅರ್ಧ ಜನರನ್ನು ಅವಳೇ ಹಿಡಿದು ಹೊರಗೆ ತಂದಿದ್ದು. ಮಧ್ಯಾಹ್ನ ಊಟದ ಹೊತ್ತು ಮೀರುತ್ತಿದ್ದಂತೆ ಅವಳು ಕೈ ತೊಳೆದುಕೊಂಡು ಹೊರಗೆ ಬಂದು ನನ್ನ ಅತ್ತೆಗೆ ಹೇಳಿದಳು.

‘ಕೂಸು ಅಡ್ಡ ಬಿದ್ದದೆ ಕಣವ್ವ. ನನ್ ಕೈಲಿ ಆಗಾಕಿಲ್ಲ. ಕೊಳ್ಳೇಗಾಲಕ್ಕೆ ತಕಂಡೋಗ್ಬುಡಿ.’

ಅತ್ತೆ ಅವಳ ಮುಖವನ್ನೇ ನೋಡಲಿಲ್ಲ. ‘ಮೊದ್ಲು ಮೂಕ್ ನೀರು ಕುಡಸ್ದೆ ಯಾರಾದ್ರೂ ಓಯ್ತಾರ? ಈ ಮನೇಲಿ ಆಸ್ಪತ್ರೇಲಿ ಎತ್ತೋರು ಯಾರವರೆ?’ ಎಂದು ನನ್ನ ಕಡೆ ತಿರುಗಿದರು. ‘ಓಗಮ್ಮಿ, ಬಿಂದ್ಗೆ ತಕ. ಬೇಗ ಬಾ.’

ಸೂಲಗಿತ್ತಿ ನನ್ನ ಕೈ ಹಿಡಿದು, ‘ನೀನು ಓದ್ದೋಳು. ಒಂದ್ ಮಾತು ಏಳವ್ವ ಅವ್ರಿಗೆ’ ಎಂದಳು.

ನಾನು ಹೇಳಲಿಲ್ಲ. ನೀರು ತಂದುಕೊಟ್ಟರೆ ಅತ್ತೆಯ ಬಾಯಿ ಮುಚ್ಚುತ್ತದೆ, ಆಮೇಲೆ ಗಾಡಿ ಕಟ್ಟಿಸಬಹುದು, ಜಗಳಕ್ಕೆ ಆಗುವ ಹೊತ್ತಿಗಿಂತ ಇದಕ್ಕೆ ಕಡಿಮೆ ಹೊತ್ತು ಸಾಕು ಎಂದು ಲೆಕ್ಕ ಹಾಕಿದೆ. ಮೈದುನನಿಗೆ, ‘ಬನಕ್ಕೆ ಓಗು, ಯಾವ್ದಾದ್ರೂ ಗಾಡಿ ಇದ್ರೆ ಬರೇಳು’ ಎಂದೆ. ಅವನು ಕೆಳಕ್ಕೆ ಓಡಿದ, ನಾನು ಮೇಲಕ್ಕೆ ಓಡಿದೆ.

ಕೋಟೆ ಬಾಗಿಲ ಹತ್ತಿರ ಒಂದು ಜೀಪು ನಿಂತಿತ್ತು.

ಮಾವ ಬೆಳಗಿನಿಂದ ಮನೆಯಲ್ಲಿ ಇರಲಿಲ್ಲ ಎಂಬುದು ಆಗ ನನಗೆ ನೆನಪಾಯಿತು. ಮೈಸೂರಿನಿಂದ ಯಾರೋ ಬಂದಿದ್ದರು. ಊರುಗಳ ಚರಿತ್ರೆ ಬರೆಯುವವರು, ದಪ್ಪ ಕನ್ನಡಕ, ಕೊರಳಲ್ಲಿ ಕ್ಯಾಮೆರಾ. ಜೊತೆಗೆ ಅವರ ಹೆಂಡತಿ, ಕೈಯಲ್ಲಿ ಛತ್ರಿ. ಮಾವ ಕೋಲು ಎತ್ತಿ ಗೋಡೆಯ ಯಾವುದೋ ಬಿರುಕನ್ನು ತೋರಿಸುತ್ತಿದ್ದರು, ಫಿರಂಗಿ ಗುಂಡು ಬಿದ್ದ ಜಾಗವಂತೆ ಅದು. ಹಿಂದಿನ ವರ್ಷದ ಮಳೆಯಲ್ಲಿ ಬಿಟ್ಟ ಬಿರುಕು. ಜೀಪಿನ ಡ್ರೈವರ್ ನೆರಳಿನಲ್ಲಿ ಬೀಡಿ ಸೇದುತ್ತ ಕೂತಿದ್ದ.

ನಾನು ಯಾರನ್ನೂ ನೋಡದೆ ಕೊಳಕ್ಕೆ ಇಳಿದೆ. ಚೊಂಬಿನಲ್ಲಿ ನೀರು ತಂದು ತಂದು ಕಲ್ಲಿನ ಮೇಲೆ ಹೊಯ್ದೆ, ಕೆಳಗೆ ಬಿಂದಿಗೆ ಹಿಡಿದೆ. ಅದು ತುಂಬಲು ಬಹಳ ಹೊತ್ತು ಹಿಡಿಯುತ್ತದೆ. ಅವರು ಮೂವರೂ ಹತ್ತಿರ ಬಂದು ನಿಂತರು.

‘ಇದೇನು ಮಾಡ್ತಿದಾರೆ?’ ಎಂದು ಕನ್ನಡಕದವರು ಕೇಳಿದರು.

‘ಅದೇ ಸಾ ನಾನು ಏಳಿದ್ನಲ್ಲ, ಮೂಕ್ ನೀರು’ ಎಂದರು ಮಾವ. ಅವರ ಮುಖ ಅರಳಿತ್ತು. ಹೇಳಿದ್ದು ಕಣ್ಣೆದುರಿಗೇ ನಡೆಯುವುದೆಂದರೆ ಸಣ್ಣ ಭಾಗ್ಯವಲ್ಲ. ‘ಪಾಳೇಗಾರ್ರ ಕಾಲದ್ದು ಸಾ. ರಾಣೀರೂ ಇದನ್ನೇ ಕುಡ್ದಿರೋದು. ಇವ್ಳು ನಮ್ ದೊಡ್ ಸೊಸೆ. ನಮ್ ಸಣ್ ಸೊಸೆಗೇ ಬೇನೆ ಬಂದದೆ ಈಗ.’

‘ಈಗಲೇ? ಇವತ್ತೇ?’

‘ಊ ಸಾ, ಈಗ್ಲೇ. ಮಾತಾಡ್ಸುದ್ರೂ ಮಾತಾಡಾಕಿಲ್ಲ ನೋಡಿ. ಅದೇ ನೇಮ.’

‘ಅಬ್ಬ, ಇನ್ನೂ ಜೀವಂತವಾಗಿದೆಯಲ್ಲ!’ ಎಂದು ಕನ್ನಡಕದವರ ಹೆಂಡತಿ ಎದೆಯ ಮೇಲೆ ಕೈ ಇಟ್ಟುಕೊಂಡರು. ಅವರು ಹೇಳಿದ್ದು ಪದ್ಧತಿಯ ಬಗ್ಗೆ.

ಬಿಂದಿಗೆ ತುಂಬಿತು. ತಲೆಯ ಮೇಲೆ ಇಟ್ಟುಕೊಂಡು ಬಾಗಿಲು ದಾಟಿದೆ. ಕನ್ನಡಕದವರು ಮುಂದೆ ಓಡಿ ಬಂದು, ‘ಒಂದು ನಿಮಿಷ, ಹಾಗೇ ನಿಲ್ಲಮ್ಮ’ ಎಂದರು. ನಾನು ನಿಂತೆ. ಯಾಕೆ ನಿಂತೆನೋ ತಿಳಿಯದು. ಮನೆಗೆ ಬಂದ ದೊಡ್ಡ ಮನುಷ್ಯರು ನಿಲ್ಲು ಎಂದರೆ ನಿಲ್ಲುವುದು ನನಗೆ ಅಭ್ಯಾಸವಾಗಿತ್ತು. ಕ್ಯಾಮೆರಾ ಒಂದು ಸಲ ಟಿಕ್ ಎಂದಿತು. ಇನ್ನೊಂದು ಸಲ ಟಿಕ್ ಎಂದಿತು.

ಜೀಪಿನ ಪಕ್ಕ ಹಾದು ಹೋಗುವಾಗ ಡ್ರೈವರ್ ಬೀಡಿ ಬಿಸಾಕಿ ಎದ್ದು ನಿಂತ. ಅವನು ಎಲ್ಲ ಕೇಳಿಸಿಕೊಂಡಿದ್ದ. ನನ್ನ ಪಕ್ಕಕ್ಕೆ ಬಂದು, ಅವರಿಗೆ ಕೇಳಿಸದಂತೆ, ‘ಏನಕ್ಕ, ತುಂಬಾ ಕಷ್ಟ ಆಗ್ತಿದೆಯಾ? ಆಸ್ಪತ್ರೆಗೆ ಗಾಡಿ ಬೇಕಾ? ಹೇಳಿ, ನಾನು ಸಾಹೇಬ್ರನ್ನ ಕೇಳ್ತೀನಿ’ ಎಂದ.

ಆ ದಿನ ಊರಿನಲ್ಲಿ ಒಬ್ಬ ಮನುಷ್ಯ ಸರಿಯಾದ ಪ್ರಶ್ನೆ ಕೇಳಿದ.

ಒಂದು ಮಾತು ಸಾಕಿತ್ತು. ‘ಬೇಕು’ ಎಂದರೆ ಸಾಕಿತ್ತು. ಆ ಕಲ್ಲನ್ನು ನಾನು ನಂಬಿರಲಿಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ನಂಬಿದ್ದರೆ ಬಾಯಿ ಮುಚ್ಚಿಕೊಂಡದ್ದಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು. ನನ್ನ ಕಣ್ಣಿಗೆ ಬಂದದ್ದು ಎಲ್ಲರೂ ಹೋದ ಮೇಲೆ ಒಬ್ಬಳೇ ಬಾವಿಗೆ ಹೋಗುತ್ತಿದ್ದ ಆ ಕೆಳಮನೆಯ ಹೆಂಗಸು. ನಾನು ಮಾತಾಡಿ, ತಂಗಿಗೆ ಏನಾದರೂ ಆದರೆ, ನೀನು ಮಾತಾಡಿದ್ದಕ್ಕೇ ಆಯಿತು ಎನ್ನುತ್ತಾರೆ. ಅಷ್ಟೇ ಯೋಚನೆ. ಹೊಟ್ಟೆಯಲ್ಲಿ ಕೂಸು ಅಡ್ಡ ಬಿದ್ದು ತಂಗಿ ಒದ್ದಾಡುತ್ತಿದ್ದಾಗ ನಾನು ನನ್ನ ಮೇಲೆ ಬರುವ ಮಾತಿಗೆ ಹೆದರಿದೆ.

ತಲೆ ಆಡಿಸಬಹುದಿತ್ತು. ತಲೆ ಆಡಿಸಬಾರದು ಎಂದು ನೇಮದಲ್ಲಿ ಇರಲಿಲ್ಲ. ತಲೆಯ ಮೇಲೆ ತುಂಬಿದ ಬಿಂದಿಗೆ ಇತ್ತು, ಆಡಿಸಿದ್ದರೆ ತುಳುಕುತ್ತಿತ್ತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ತುಳುಕಿದರೆ ತುಳುಕುತ್ತಿತ್ತು.

ನಾನು ಮುಂದಕ್ಕೆ ನಡೆದೆ. ಅವನು ಸ್ವಲ್ಪ ದೂರ ನನ್ನ ಜೊತೆ ಬಂದು ನಿಂತುಬಿಟ್ಟ.

ಮನೆಯಲ್ಲಿ ತಂಗಿಗೆ ನೀರು ಕುಡಿಸಿದೆವು. ಅತ್ತೆ ಅವಳ ತಲೆ ಎತ್ತಿ ಹಿಡಿದರು, ನಾನು ಲೋಟ ಹಿಡಿದೆ. ಪಾಚಿ ವಾಸನೆಗೆ ಅವಳು ಮುಖ ಕಿವುಚಿದಳು. ಅಷ್ಟು ನೋವಿನಲ್ಲೂ ನನ್ನ ಕಡೆ ನೋಡಿ, ‘ರಾಣೀರು ಇದ್ನೇ ಕುಡೀತಿದ್ರ?’ ಎಂದಳು. ನಗಲು ನೋಡಿದಳು, ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಜೀಪು ಇಳಿದು ಹೋದ ಸದ್ದಾಯಿತು. ನಮ್ಮ ಬಾಗಿಲ ಮುಂದೆ ಕೋಳಿಗಳನ್ನು ಓಡಿಸಲು ಹಾರನ್ ಹೊಡೆದರು. ನೇಮ ಮುಗಿದಿತ್ತು, ಈಗ ಕೂಗಬಹುದಿತ್ತು, ಆದರೆ ಅವಳು ನನ್ನ ಕೈ ಹಿಡಿದಿದ್ದಳು, ನಾನು ಏಳುವ ಮೊದಲೇ ಸದ್ದು ಕೆಳಗೆ ಇಳಿದುಹೋಗಿತ್ತು.

‘ಅಕ್ಕ, ಯಾವ್ದೋ ಗಾಡಿ ಬಂದಂಗದೆ ಕಣೆ. ನಂಗಾ?’

‘ಅಲ್ಲ ಕಣಮ್ಮಿ’ ಎಂದೆ. ‘ಬತ್ತದೆ, ಇರು.’

ಅದು ಬರಲು ಬಹಳ ಹೊತ್ತಾಯಿತು. ಮೈದುನ ಬನದಲ್ಲೆಲ್ಲ ಓಡಾಡಿ ಕೊನೆಗೆ ಒಂದು ಹೆಂಡದ ಗಾಡಿ ಹಿಡಿದು ತಂದಿದ್ದ. ಗಾಡಿಯವನು ಆಗಲೇ ಮಡಕೆ ಹೇರಿಕೊಂಡು ಹನೂರಿಗೆ ಹೊರಟಿದ್ದವನು. ವಿಷಯ ಕೇಳಿ ಗಾಡಿ ತಿರುಗಿಸಿಕೊಂಡು ಬೆಟ್ಟ ಹತ್ತಿ ಬಂದಿದ್ದ. ಅಷ್ಟು ಹೊತ್ತಿಗೆ ಮಾವ ಅತಿಥಿಗಳನ್ನು ಕಳಿಸಿ ಮನೆಗೆ ಬಂದಿದ್ದರು. ಬಾಗಿಲಲ್ಲಿ ನಿಂತು ಗಾಡಿಯನ್ನು ನೋಡಿದರು.

‘ಎಂಡದ್ ಗಾಡೀಲಾ? ನಮ್ ಮನೆ ಸೊಸೇನಾ? ಲೇ, ಬೇರೆ ಗಾಡಿ ನೋಡ್ಲಾ’ ಎಂದರು ಮಗನಿಗೆ.

ಗಾಡಿಯವನೇ ಮಾತಾಡಿದ. ‘ಬುದ್ದಿ, ನಿಮ್ ನೆಂಟ್ರು ಬಂದಾಗೆಲ್ಲ ಚೊಂಬಲ್ಲಿ ಇದೇ ಎಂಡ ಕೊಟ್ಟಿವ್ನಿ. ಆಗ ಜಾತಿ ಕೆಡ್ನಿಲ್ಲ, ಈಗ ಕೆಡ್ತದ?’ ಎಂದು, ಉತ್ತರಕ್ಕೆ ಕಾಯದೆ, ಮಡಕೆಗಳನ್ನು ಒಂದೊಂದಾಗಿ ಎತ್ತಿ ಬೀದಿಗೆ ಎಸೆದ. ಇಳಿಸಿ ಇಡುವಷ್ಟು ಹೊತ್ತು ಇಲ್ಲ ಎಂದು ಅವನಿಗೆ ತಿಳಿದಿತ್ತು. ಚಪ್ಪಡಿಯ ಮೇಲೆ ಮಡಕೆ ಒಡೆದು ನೊರೆ ಇಳಿಜಾರಿನಲ್ಲಿ ಹರಿಯಿತು. ಮಾವ ಪಂಚೆ ಎತ್ತಿ ಹಿಡಿದು ಜಗಲಿಯ ಮೇಲೆ ಹತ್ತಿಕೊಂಡರು.

ಹುಲ್ಲು ಹಾಸಿ ಅವಳನ್ನು ಮಲಗಿಸಿದೆವು. ನಾನೂ ಸೂಲಗಿತ್ತಿಯೂ ಹತ್ತಿದೆವು. ಮೈದುನ ಗಾಡಿಯ ಹಿಂದೆ ಓಡಿ ಬಂದ. ಬೆಟ್ಟ ಇಳಿಯುವಾಗ ಎತ್ತುಗಳು ಹೆಂಡದ ನೊರೆಯಲ್ಲಿ ಜಾರಿದವು. ಈಚಲ ಬನ ದಾಟುವವರೆಗೆ ಅವಳು ನನ್ನ ಸೀರೆಯ ಸೆರಗನ್ನು ಹಿಡಿದುಕೊಂಡಿದ್ದಳು. ಹನೂರಿನ ಹುಣಸೆಮರಗಳು ಕಾಣುವ ಮೊದಲೇ ಬಿಟ್ಟಳು. ಕೂಸು ಹೊರಗೆ ಬರಲೇ ಇಲ್ಲ.

ಗಾಡಿಯವನು ಎತ್ತು ನಿಲ್ಲಿಸಿ ಕೆಳಗಿಳಿದು, ತಲೆಯ ವಸ್ತ್ರ ತೆಗೆದು, ರಸ್ತೆ ಪಕ್ಕದಲ್ಲಿ ಬೆನ್ನು ತಿರುಗಿಸಿ ನಿಂತುಕೊಂಡ. ನಾವು ಅವಳ ಮೈ ಒರೆಸಿ ಸೀರೆ ಸರಿಮಾಡಿ ಮುಗಿಸುವವರೆಗೂ ಹಾಗೇ ನಿಂತಿದ್ದ. ಅವನ ಗಾಡಿಯಲ್ಲೇ ಅವಳನ್ನು ವಾಪಸು ತಂದೆವು. ಬೀದಿಯಲ್ಲಿ ಒಡೆದ ಮಡಕೆ ಚೂರುಗಳನ್ನು ಯಾರೂ ತೆಗೆದಿರಲಿಲ್ಲ, ನೊಣ ಮುತ್ತಿತ್ತು.

ಊರು ನನ್ನನ್ನು ಏನೂ ಅನ್ನಲಿಲ್ಲ. ಅತ್ತೆಯೇ ಎಲ್ಲರಿಗೂ ಹೇಳಿದರು. ‘ನಮ್ ದೊಡ್ ಸೊಸೆ ಬಾಯ್ ಬುಡ್ನಿಲ್ಲ. ಸಾಹೇಬ್ರು ಮಾತಾಡ್ಸುದ್ರೂ ಬಾಯ್ ಬುಡ್ನಿಲ್ಲ. ನೀರು ಸರ್ಯಾಗೇ ಬಂತು. ಅವ್ಳ್ ಅಣೇಲಿ ಬರ್ದಿದ್ದೇ ಅಷ್ಟು.’ ಹೆಂಗಸರು ನನ್ನನ್ನು ಗೌರವದಿಂದ ನೋಡಿದರು. ನಾನು ಯಾವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆನೋ ಅದರಿಂದ ಪೂರ್ತಿ ಪಾರಾಗಿದ್ದೆ.

ಕೆಲವು ತಿಂಗಳ ಮೇಲೆ ಮೈಸೂರಿನಿಂದ ಅಂಚೆಯಲ್ಲಿ ಒಂದು ಪತ್ರಿಕೆ ಬಂತು. ನಮ್ಮೂರಿನ ಬಗ್ಗೆ ನಾಲ್ಕು ಪುಟ. ಕಾಲ ನಿಂತುಹೋದ ಊರು ಎಂದು ಬರೆದಿದ್ದರು. ಗಾಳಿಯಲ್ಲೇ ಈಚಲ ಹೆಂಡದ ನಶೆ, ಕಲ್ಲು ಕಲ್ಲಿಗೂ ಒಂದು ಕಥೆ, ಹೀಗೆ. ಫಿರಂಗಿ ಗುಂಡಿನ ಬಿರುಕಿಗೆ ಅರ್ಧ ಪುಟ. ನಡುವಿನ ಪುಟದಲ್ಲಿ ನನ್ನ ಫೋಟೋ, ತಲೆಯ ಮೇಲೆ ಬಿಂದಿಗೆ, ಹಿಂದೆ ಕೋಟೆಯ ಬಾಗಿಲು. ಕೆಳಗೆ ನನ್ನ ಕಣ್ಣುಗಳಲ್ಲಿನ ಶತಮಾನಗಳ ಶಾಂತಿಯ ಬಗ್ಗೆ ಒಂದು ಸಾಲು. ನೀರು ಯಾರಿಗೆ ಹೋಗುತ್ತಿತ್ತು, ಅವಳು ಏನಾದಳು ಎಂದು ಅವರು ಬರೆದಿರಲಿಲ್ಲ. ಅವರಿಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

ಮಾವ ಆ ಪುಟವನ್ನು ಕೊಳ್ಳೇಗಾಲಕ್ಕೆ ಕಳಿಸಿ ಗಾಜು ಹಾಕಿಸಿ ನಡುಮನೆಯಲ್ಲಿ ತೂಗು ಹಾಕಿದರು, ಅವಳು ಮಲಗಿದ್ದ ಕೋಣೆಯ ಬಾಗಿಲ ಮೇಲೆ. ಬಂದವರಿಗೆಲ್ಲ ಕೋಲಿನಿಂದ ತೋರಿಸುತ್ತಿದ್ದರು. ನಾನು ಅದರ ಕೆಳಗೆ ದಿನಕ್ಕೆ ಹತ್ತು ಸಲ ಓಡಾಡಿದೆ. ಆ ಚಿತ್ರದ ಬಲಗಡೆ ಮೂಲೆಯಲ್ಲಿ ಜೀಪಿನ ಒಂದು ಚಕ್ರ ಕಾಣುತ್ತದೆ. ಬೇರೆ ಯಾರೂ ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ.

ಮಾವ ತೀರಿಕೊಂಡ ಮಾರನೇ ವಾರ ಅದನ್ನು ಇಳಿಸಿ ಅಟ್ಟಕ್ಕೆ ಹಾಕಿದೆ. ಆಮೇಲೆ ಅತ್ತೆಯೂ ಹೋದರು. ಮೈದುನ ಇನ್ನೊಂದು ಮದುವೆಯಾಗಿ ಧನಗೆರೆಯಲ್ಲಿ ಹೆಂಡತಿಯ ಕಡೆಯವರ ಜಮೀನು ನೋಡಿಕೊಂಡು ಅಲ್ಲೇ ಇದ್ದುಬಿಟ್ಟ. ಅವನ ಮೇಲೆ ನನಗೆ ಕೋಪವಿಲ್ಲ. ಗಾಡಿ ತಂದವನು ಅವನೇ.

ಆ ಹೊತ್ತಿಗೆ ಹೆಂಡಕ್ಕೆ ಲಾರಿ ಬಂದಿತ್ತು. ಬೆಳಗ್ಗೆಯೂ ಮಧ್ಯಾಹ್ನವೂ ಒಂದೊಂದು ಲಾರಿ ಬೀದಿಯ ಕೊನೆಯಲ್ಲಿ ನಿಂತು ಮಡಕೆ ತುಂಬಿಕೊಂಡು ಹೋಗುತ್ತಿತ್ತು. ಲಾರಿ ಬಂದರೂ ಕಲ್ಲು ಅಲ್ಲೇ ಇತ್ತು, ನೀರೂ ಇತ್ತು, ನೀರು ಹೊರುವವರೂ ಇದ್ದರು.

ಒಂದು ದಿನ ಮಧ್ಯಾಹ್ನ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಮೂರು ಮನೆ ಆಚೆಯ ಮನೆಗೆ ಹೂಗ್ಯಂನಿಂದ ತಂದ ಕಿರಿಯ ಸೊಸೆ ಹಿಂದಿನ ದಿನದಿಂದ ನೋವು ತಿನ್ನುತ್ತಿದ್ದಾಳೆಂದು ಕೇಳಿದ್ದೆ. ಆ ಮನೆಯ ಹಿರಿಯ ಸೊಸೆ ಕೋಟೆಯ ಕಡೆಯಿಂದ ತುಂಬಿದ ಬಿಂದಿಗೆ ಹೊತ್ತು ಬರುತ್ತಿದ್ದಳು. ತುಟಿ ಬಿಗಿದುಕೊಂಡಿದ್ದಳು. ಕಣ್ಣು ನೆಲ ನೋಡುತ್ತಿತ್ತು. ಆ ಮುಖ ನನಗೆ ಗೊತ್ತಿತ್ತು. ಗಾಜಿನ ಒಳಗೆ ವರ್ಷಾನುಗಟ್ಟಲೆ ನೋಡಿದ್ದೆ.

ಕೆಳಗೆ ಲಾರಿಯ ಇಂಜಿನ್ ಶುರುವಾದ ಸದ್ದು ಕೇಳಿಸಿತು.

ನಾನು ಎದ್ದು ಬೀದಿಗೆ ಇಳಿದು ಅವಳ ಎದುರಿಗೆ ನಿಂತೆ. ‘ಸೂಲಗಿತ್ತಿ ಏನಂದ್ಳಮ್ಮಿ?’ ಎಂದೆ. ಮಾತಿಲ್ಲ. ‘ಲಾರಿ ಒರಡ್ತಾ ಅದೆ. ಕೇಳಾಕಿಲ್ವ ನಿಂಗೆ?’ ಮಾತಿಲ್ಲ. ಪಕ್ಕಕ್ಕೆ ಸರಿದು ಹೋಗಲು ನೋಡಿದಳು, ನಾನೂ ಸರಿದೆ. ಅವಳ ಕಣ್ಣಲ್ಲಿ ಸಿಟ್ಟು ಬಂತು, ಬಾಯಿ ಬರಲಿಲ್ಲ. ಬುದ್ಧಿ ಹೇಳಿ ಉಪಯೋಗವಿಲ್ಲ ಎಂದು ನನಗೆ ತಿಳಿಯಿತು. ಬುದ್ಧಿ ನನಗೂ ಇತ್ತಲ್ಲ.

‘ಅಲ್ಲ ಕಣಮ್ಮಿ, ನೆನ್ನೆ ನಿನ್ ಗಂಡ ಬನದೊಳ್ಗೆ ಒಬ್ಳ ಜೊತೆ ಕುಂತಿದ್ನಲ್ಲ, ಯಾರೇ ಅವ್ಳು?’ ಎಂದೆ.

‘ಯಾರ್ ಜೊತೆ?’ ಎಂದಳು ಅವಳು.

ಬಾಯಿಂದ ಬಿದ್ದ ಮೇಲೆ ಅವಳಿಗೆ ಗೊತ್ತಾಯಿತು. ಆಮೇಲೆ ಬಿಂದಿಗೆಯನ್ನು ತಲೆಯಿಂದ ಎತ್ತಿ ನನ್ನ ಮೇಲೆ ಬೀಸಿ ಒಗೆದಳು. ನೀರು ನನ್ನ ಮುಖಕ್ಕೆ, ಎದೆಗೆ ಹೊಡೆಯಿತು. ಬಿಂದಿಗೆ ನನ್ನ ಮೊಣಕಾಲಿಗೆ ತಗುಲಿ ಕೆಳಗೆ ಉರುಳಿತು.

‘ನಿನ್ ಮನೆ ಆಳಾಗ! ನಿನ್ ತಂಗೀನ ತಿನ್ಕಂಡಿದ್ದು ಸಾಲ್ದಾ? ನಮ್ ಮನೆ ಎಣ್ಣೂ ಬೇಕಾ ನಿಂಗೆ?’

‘ಬಯ್ಯಿ, ಚೆನ್ನಾಗ್ ಬಯ್ಯಿ. ಆದ್ರೆ ಮಾತಾಡ್ಬುಟ್ಟೆ. ನೀರು ಕೆಡ್ತು. ಮತ್ತೆ ತರಾಕೆ ಆಗಾಕಿಲ್ಲ. ಇನ್ ಉಳ್ದಿರದು ಲಾರಿ ಒಂದೇ. ಓಗಿ ನಿಲ್ಸು’ ಎಂದೆ.

ಅದು ನಿಜ. ಒಂದು ಹೆರಿಗೆಗೆ ಒಂದೇ ಸಲ ನೀರು, ನೇಮದಲ್ಲಿ ಅದೂ ಇತ್ತು. ಅವಳು ಅಳುತ್ತ, ಬಯ್ಯುತ್ತ, ಕೆಳಕ್ಕೆ ಓಡಿದಳು. ಲಾರಿ ಬೀದಿಯವರೆಗೆ ಹಿಂದಕ್ಕೆ ಬಂತು. ಆ ಹುಡುಗಿಯನ್ನು ಡ್ರೈವರ್ ಪಕ್ಕದ ಸೀಟಿನಲ್ಲಿ ಒರಗಿಸಿ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದರು. ನಾನು ಒದ್ದೆ ಸೀರೆಯಲ್ಲೇ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿದು ಮುಗಿಸಿದೆ. ಆ ಹುಡುಗಿ ಸತ್ತು ಬಂದಿದ್ದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತಿತ್ತು. ಆ ದಿನ ಅದಕ್ಕೆ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹತ್ತು ದಿನದ ಮೇಲೆ ಹೆಣ್ಣುಮಗು ಎತ್ತಿಕೊಂಡು ವಾಪಸು ಬಂದಳು. ಹೊಟ್ಟೆ ಕೊಯ್ದು ತೆಗೆದರಂತೆ. ಅವರ ಮನೆಯವರು ನನ್ನ ಜೊತೆ ಮಾತು ಬಿಟ್ಟರು. ನೀರು ಕೆಟ್ಟದ್ದಕ್ಕೇ ಹೊಟ್ಟೆ ಕೊಯ್ಯಬೇಕಾಯಿತು, ನೀರು ಸರಿಯಾಗಿ ಬಂದಿದ್ದರೆ ಮನೆಯಲ್ಲೇ ಆಗುತ್ತಿತ್ತು ಎಂಬುದು ಅವರ ಲೆಕ್ಕ. ಹಿರಿಯ ಸೊಸೆ ತನ್ನ ಗಂಡನನ್ನು ಆರು ತಿಂಗಳು ಬನದ ಕಡೆ ಹೋಗಲು ಬಿಡಲಿಲ್ಲವಂತೆ. ಆ ಬಡಪಾಯಿ ಯಾರ ಜೊತೆಯೂ ಕೂತಿರಲಿಲ್ಲ. ಅದೊಂದಕ್ಕೆ ನನಗೆ ಸ್ವಲ್ಪ ಬೇಜಾರಿದೆ.

ಊರು ನನಗೆ ‘ನೀರ್ ಕೆಡ್ಸೋಳು’ ಎಂದು ಹೆಸರಿಟ್ಟಿತು. ಮದುವೆಮನೆಗೆ ಕರೆಯುವುದು ನಿಂತಿತು. ಈಗ ಎಲ್ಲರೂ ಹೋಗಿ ಬಂದ ಮೇಲೆ ನಾನು ಬಾವಿಗೆ ಹೋಗುತ್ತೇನೆ. ಬಾವಿಯ ಹತ್ತಿರ ಒಬ್ಬಳೇ ಇದ್ದಾಗ ತಂಗಿಯ ಜೊತೆ ಮಾತಾಡುತ್ತೇನೆ, ಗಟ್ಟಿಯಾಗಿಯೇ.

ಚರಿತ್ರೆಯವರು ಈಗಲೂ ಬರುತ್ತಾರೆ. ಕಲ್ಲಿನ ಮುಂದೆ ನಿಂತು ಬೆರಳಿನಿಂದ ಗೆರೆ ಸವರುತ್ತಾರೆ, ಗಾಳಿ ಎಳೆದುಕೊಳ್ಳುತ್ತಾರೆ, ಸಂಜೆ ಇಳಿದು ಹೋಗುತ್ತಾರೆ. ಮೂಕ ನೀರಿನ ಬಗ್ಗೆ ಕೇಳಿದರೆ ಊರಿನವರು ಮೊದಲು ನನ್ನ ಮನೆಯ ಕಡೆ ತಿರುಗಿ ನೋಡುತ್ತಾರೆ. ನೀರಿಗೆ ಹೋಗಬೇಕಾದವಳು ಹೊರಡುವ ಮುಂಚೆ, ನಾನು ಜಗಲಿಯ ಮೇಲೆ ಇದ್ದೇನೆಯೇ ಎಂದು ಯಾರನ್ನಾದರೂ ಕಳಿಸಿ ನೋಡಿಸುತ್ತಾಳೆ.

ಇರುತ್ತೇನೆ.